ಶಾಸನಸಭೆಯ ಮಾತಿನಲ್ಲಿ ಆರೋಗ್ಯ ಮತ್ತು ಮುಪ್ಪು: ಶಿವಮೊಗ್ಗ–ಭದ್ರಾವತಿ ಸೀಮೆಯನ್ನು ಕುರಿತ ಒಂದು ವಿಚಾರ

ಶಿವಮೊಗ್ಗ ನಗರದ ಗೋಪಾಳದಂಥ ಬಡಾವಣೆಯಲ್ಲಿ ಸಂಜೆಯ ಹೊತ್ತು ನಡೆದುಹೋಗುವವರಿಗೆ, ಮನೆಯ ಮುಂದಿನ ಜಗುಲಿಯ ಮೇಲೆ ಕುಳಿತ ಎಪ್ಪತ್ತು ಎಂಬತ್ತು ದಾಟಿದ ಹಿರಿಯರು ಕಾಣಸಿಗುವುದು ಇಂದು ವಿಶೇಷವೇನೂ ಅಲ್ಲ. ನೂರು ವರ್ಷಗಳ ಹಿಂದೆ ಇದೇ ಸೀಮೆಯಲ್ಲಿ ಅದು ವಿಶೇಷವಾಗಿತ್ತು. 1921ರಿಂದ 1931ರವರೆಗಿನ ದಶಕದಲ್ಲಿ ಭಾರತದಲ್ಲಿ ಹುಟ್ಟಿದ ಶಿಶುವಿನ ನಿರೀಕ್ಷಿತ ಆಯುಸ್ಸು ಇಪ್ಪತ್ತೇಳು ವರ್ಷಗಳನ್ನೂ ಮುಟ್ಟುತ್ತಿರಲಿಲ್ಲ. ಇದು ಇಡೀ ದೇಶದ ಸರಾಸರಿ. ಮಲೆನಾಡಿನ ಜ್ವರದ ಊರುಗಳ ಸ್ಥಿತಿಯು ಇದಕ್ಕಿಂತ ಮೇಲಾಗಿತ್ತೆಂದು ಊಹಿಸಲು ಯಾವ ಆಧಾರವೂ ಇಲ್ಲ. ಹೀಗಿರುವಲ್ಲಿ, ಜನಪ್ರತಿನಿಧಿಗಳ ಸಭೆಗಳಲ್ಲಿ ಆರೋಗ್ಯದ ಮಾತು ಮೊದಲು ಬಂದು ಮುಪ್ಪಿನ ಮಾತು ಬಹುಕಾಲ ಹಿಂದೆ ಉಳಿದುದು ಸಹಜವೆಂದು ಒಮ್ಮೆಗೇ ತೋರಬಹುದು. ಆದರೆ ಕಾರಣವು ಅಷ್ಟು ಸರಳವಾದುದಲ್ಲವೆಂದು ನಮ್ಮ ಅಭಿಪ್ರಾಯ. ವೃದ್ಧರು ಸರ್ಕಾರದ ಕಾಗದಗಳಲ್ಲಿ ಇರಲೇ ಇಲ್ಲವೆಂದಲ್ಲ. ಅವರು ಬೇರೆ ಹೆಸರಿನಿಂದ ಇದ್ದರು. ಆ ಹೆಸರು ಯಾವುದು, ಅದು ಹೇಗೆ ಬದಲಾಯಿತು, ಆ ಬದಲಾವಣೆಯಿಂದ ಶಿವಮೊಗ್ಗದ ರೈತನಿಗೂ ಭದ್ರಾವತಿಯ ಕಾರ್ಮಿಕನಿಗೂ ಏನಾಯಿತು ಎಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಮೈಸೂರಿನ ಪ್ರಜಾಪ್ರತಿನಿಧಿ ಸಭೆಯನ್ನು ಸ್ಥಾಪಿಸುವ ಆಜ್ಞೆಯು 1881ರ ಆಗಸ್ಟ್ 25ರಂದು ಹೊರಟಿತು. ಅದೇ ವರ್ಷ ಅಕ್ಟೋಬರ್ 7ರಂದು, ದಸರೆಯ ಕಾಲದಲ್ಲಿ, 144 ಮಂದಿ ಸದಸ್ಯರು ಸೇರಿದ ಮೊದಲನೆಯ ಅಧಿವೇಶನವು ನಡೆಯಿತು. ದಿವಾನ್ ರಂಗಾಚಾರ್ಲು ಅವರು ಆಗ ಮಾಡಿದ ಭಾಷಣದ ಹಿನ್ನೆಲೆಯನ್ನು ನಾವು ಮರೆಯಬಾರದು. ಧಾತು ಈಶ್ವರ ಸಂವತ್ಸರಗಳ ಬರ ಕಳೆದು ಮೂರು ವರ್ಷವಾಗಿತ್ತಷ್ಟೆ. 1871ರ ಜನಗಣತಿಯಲ್ಲಿ 50 ಲಕ್ಷ 55 ಸಾವಿರದಷ್ಟಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 41 ಲಕ್ಷ 86 ಸಾವಿರಕ್ಕೆ ಇಳಿದಿತ್ತು. ಸಭೆಯಲ್ಲಿ ಕುಳಿತ ರೈತಪ್ರತಿನಿಧಿಗಳೂ ವರ್ತಕರೂ ಆ ಬರದಿಂದ ಉಳಿದುಕೊಂಡವರು.

ಈ ಬರವೇ ವೃದ್ಧನನ್ನು ಸರ್ಕಾರದ ಭಾಷೆಯೊಳಕ್ಕೆ ಮೊದಲು ತಂದುದು. ಬರಗಾಲದ ಪರಿಹಾರಕ್ಕೆ ಎರಡು ದಾರಿಗಳಿದ್ದವು. ಮೈಯಲ್ಲಿ ಶಕ್ತಿಯುಳ್ಳವನಿಗೆ ರಸ್ತೆ ಕೆರೆಗಳ ಕೆಲಸ ಕೊಟ್ಟು ಕೂಲಿ ಕೊಡುವುದು ಒಂದು. ಕೆಲಸ ಮಾಡಲಾರದವನಿಗೆ ಧರ್ಮಾರ್ಥವಾಗಿ ಅನ್ನ ನೀಡುವುದು ಇನ್ನೊಂದು. 1880ರ ಕ್ಷಾಮ ಆಯೋಗದ ವರದಿಯೂ ಅದರ ಬಳಿಕ 1883ರಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ರೂಪುಗೊಂಡ ಕ್ಷಾಮ ಸಂಹಿತೆಯೂ ಈ ವಿಭಾಗವನ್ನು ಸ್ಥಿರಪಡಿಸಿದುವು. ಮುದುಕರು, ಕುರುಡರು, ಅಂಗವಿಕಲರು, ರೋಗಿಗಳು, ಎಳೆಮಕ್ಕಳ ತಾಯಂದಿರು ಎರಡನೆಯ ಸಾಲಿನಲ್ಲಿ ನಿಂತರು. ಅಂದರೆ ವೃದ್ಧನೆಂದರೆ ಇಷ್ಟು ವಯಸ್ಸಾದವನೆಂದಲ್ಲ, ಕೆಲಸಕ್ಕೆ ಬಾರದವನೆಂದು ಅರ್ಥ. ಈ ಲಕ್ಷಣವನ್ನು ಓದುಗರು ಗಮನದಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ. ಮುಂದೆ ನಮ್ಮ ಸಂವಿಧಾನದವರೆಗೂ ಅದರ ನೆರಳು ಬಿದ್ದಿದೆ.

ಬರವಿಲ್ಲದ ವರ್ಷಗಳಲ್ಲಿ ವೃದ್ಧನು ಮತ್ತೆ ಮನೆಯ ಪಾಲಾದನು. ದಿವಾನರು ವರ್ಷವರ್ಷವೂ ಸಭೆಯ ಮುಂದೆ ಓದುತ್ತಿದ್ದ ಭಾಷಣಗಳಲ್ಲಿ ಕಂದಾಯ, ಅರಣ್ಯ, ಅಬಕಾರಿ, ಮರಾಮತ್ತು, ವಿದ್ಯಾಭ್ಯಾಸ, ವೈದ್ಯ, ಮುಜರಾಯಿ ಎಂಬ ಶೀರ್ಷಿಕೆಗಳಿದ್ದುವು, ವೃದ್ಧಾಪ್ಯವೆಂಬ ಶೀರ್ಷಿಕೆಯಿರಲಿಲ್ಲ. ಇದಕ್ಕಾಗಿ ಆ ಕಾಲವನ್ನು ದೂರುವುದು ತರವಲ್ಲ. ಜರ್ಮನಿಯಲ್ಲಿ ಬಿಸ್ಮಾರ್ಕನ ವೃದ್ಧಾಪ್ಯ ವಿಮೆಯ ಶಾಸನವು ಬಂದುದು 1889ರಲ್ಲಿ. ಎಪ್ಪತ್ತು ತುಂಬಿದ ಬಡವರಿಗೆ ವಾರಕ್ಕೆ ಐದು ಷಿಲಿಂಗುಗಳವರೆಗೆ ಕೊಡುವ ಇಂಗ್ಲೆಂಡಿನ ಶಾಸನವು ಬಂದುದು 1908ರಲ್ಲಿ. ನಮ್ಮಲ್ಲಿ ಕೂಡುಕುಟುಂಬವಿದೆ, ಛತ್ರವಿದೆ, ಮಠವಿದೆ, ಊರಿದೆ ಎಂಬ ನಂಬಿಕೆ ಆಳುವವರಲ್ಲಿಯೂ ಆಳಿಸಿಕೊಳ್ಳುವವರಲ್ಲಿಯೂ ಸಮನಾಗಿತ್ತು. ಆ ನಂಬಿಕೆಯಲ್ಲಿ ನಿಜವೂ ಇತ್ತು. ಆದರೆ ಕುಟುಂಬವೇ ಅಳಿದುಹೋದ ಮನೆಯ ಮುದುಕಿಯ ಗತಿಯೇನೆಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿರಲಿಲ್ಲ. ಮಲೆನಾಡಿನಲ್ಲಿ ಹಾಗೆ ಅಳಿದ ಮನೆಗಳು ಕಡಮೆಯಿರಲಿಲ್ಲ.

ಆರೋಗ್ಯದ ಮಾತಾದರೋ ಸಭೆಗೆ ಬೇಗ ಬಂದಿತು. 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗು ಕಾಲಿಟ್ಟಿತು. ಶೇಷಾದ್ರಿ ಅಯ್ಯರ್ ಅವರು ಆಗ ದಿವಾನರು. ಪ್ಲೇಗಿನ ಕಮಿಷನರಾಗಿ ದುಡಿದ ವಿ. ಪಿ. ಮಾಧವರಾಯರು ಮುಂದೆ 1906ರಲ್ಲಿ ತಾವೇ ದಿವಾನರಾದರು. ಅವರ ಕಾಲದಲ್ಲಿಯೇ, 1907ರಲ್ಲಿ, ನ್ಯಾಯವಿಧಾಯಕ ಸಭೆಯು ಸ್ಥಾಪಿತವಾಯಿತು. ಸಾಂಕ್ರಾಮಿಕ ರೋಗವನ್ನು ಎದುರಿಸಿದ ಅಧಿಕಾರಿಯ ಕಾಲದಲ್ಲಿ ಶಾಸನಸಭೆಯು ಹುಟ್ಟಿದುದು ಕಾಕತಾಳೀಯವಿರಬಹುದು. ಊರು ಬಿಡಿಸುವುದು, ಮನೆಯ ಹೆಂಚು ತೆಗೆಸಿ ಬಿಸಿಲು ಬೀಳಿಸುವುದು, ರೈಲು ನಿಲ್ದಾಣದಲ್ಲಿ ತಪಾಸಣೆ ನಡೆಸುವುದು ಇವೆಲ್ಲವೂ ಜನರ ಮೈಗೂ ಮನೆಗೂ ತಾಕುವ ಕಾರ್ಯಗಳಾದುದರಿಂದ ಅವುಗಳ ವಿಷಯದಲ್ಲಿ ಪ್ರಜೆಗಳು ಮಾತನಾಡದೆ ಇರುವಂತಿರಲಿಲ್ಲ.

ಶಿವಮೊಗ್ಗ ಜಿಲ್ಲೆಯ ಮಾತು ಪ್ಲೇಗಿಗಿಂತಲೂ ಹೆಚ್ಚಾಗಿ ಚಳಿಜ್ವರದ್ದು. ಮಲೆನಾಡಿನ ಹಿರಿಯರಿಗೆ 'ಜ್ವರಗಡ್ಡೆ' ಎಂಬ ಶಬ್ದವು ವೈದ್ಯರಿಂದ ಕಲಿತುದಲ್ಲ; ಮಗುವಿನ ಹೊಟ್ಟೆಯ ಎಡಭಾಗದಲ್ಲಿ ಕೈಯಿಟ್ಟು ಕಲಿತುದು. ವೈದ್ಯಶಾಸ್ತ್ರವು ಇದನ್ನು ಗುಲ್ಮವು ದೊಡ್ಡದಾಗುವಿಕೆ ಎನ್ನುತ್ತದೆ. ಒಂದು ಊರಿನ ಮಕ್ಕಳಲ್ಲಿ ಎಷ್ಟು ಮಂದಿಗೆ ಗುಲ್ಮ ಬೆಳೆದಿದೆಯೆಂದು ಎಣಿಸಿ ಆ ಊರಿನ ಮಲೇರಿಯದ ಪ್ರಮಾಣವನ್ನು ಅಳೆಯುತ್ತಿದ್ದರು. ಬಯಲುಸೀಮೆಯ ಮಲೇರಿಯಕ್ಕೂ ಮಲೆನಾಡಿನ ಮಲೇರಿಯಕ್ಕೂ ಭೇದವಿದೆ. ಕಾಲುವೆ, ಗದ್ದೆ, ಹೊಂಡಗಳಲ್ಲಿ ಬೆಳೆಯುವ ಅನಾಫಿಲಿಸ್ ಕ್ಯೂಲಿಸಿಫೇಸಿಸ್ ಎಂಬ ಸೊಳ್ಳೆ ಬಯಲುಸೀಮೆಯದು. ಬೆಟ್ಟದ ತಪ್ಪಲಿನಲ್ಲಿ ನಿಧಾನವಾಗಿ ಹರಿಯುವ ಹಳ್ಳದ ಅಂಚಿನ ಹುಲ್ಲಿನಲ್ಲಿ ಬೆಳೆಯುವ ಅನಾಫಿಲಿಸ್ ಫ್ಲೂವಿಯಾಟಿಲಿಸ್ ಎಂಬುದು ಮಲೆನಾಡಿನದು. ಅಡಕೆತೋಟಕ್ಕೆ ಬೇಕಾದ ನೆರಳು, ತಂಪು, ಹರಿಯುವ ನೀರು ಇವೇ ಆ ಸೊಳ್ಳೆಗೂ ಅನುಕೂಲವಾಗಿದ್ದುವು. ತೋಟವನ್ನು ಕಡಿಯದೆ ಸೊಳ್ಳೆಯನ್ನು ತಡೆಯುವುದು ಹೇಗೆಂಬುದು ಡಿ.ಡಿ.ಟಿ. ಬರುವವರೆಗೂ ಬಿಡಿಸಲಾಗದ ಗಂಟಾಗಿಯೇ ಉಳಿಯಿತು.

ಈ ಜ್ವರಕ್ಕೆ ಸಭೆಯಲ್ಲಿ ದೊರೆತ ಸ್ಥಾನವು ಯಾವ ಬಗೆಯದು? ಇಲ್ಲಿಯೇ ನಮ್ಮ ವಾದದ ಮುಖ್ಯಾಂಶವಿದೆ. ಜ್ವರದಿಂದ ಜನ ಸತ್ತರು, ಉಳಿದವರು ಊರು ಬಿಟ್ಟರು. ಗದ್ದೆಗಳು ಬೀಳುಬಿದ್ದುವು, ಕಾಡು ಮನೆಯಂಗಳಕ್ಕೆ ಬಂದಿತು. ಬೀಳುಬಿದ್ದ ಭೂಮಿಗೆ ಕಂದಾಯವಿಲ್ಲ. ಹೀಗೆ ಚಳಿಜ್ವರವು ವೈದ್ಯ ಇಲಾಖೆಯ ಶೀರ್ಷಿಕೆಯಿಂದ ಮಾತ್ರವಲ್ಲದೆ ಕಂದಾಯದ ಶೀರ್ಷಿಕೆಯಿಂದಲೂ ಸಭೆಯನ್ನು ಪ್ರವೇಶಿಸಿತು. ದಿವಾನ್ ವಿಶ್ವೇಶ್ವರಯ್ಯನವರ ಆಡಳಿತಕಾಲದಲ್ಲಿ, ಅಂದರೆ 1912ರಿಂದ 1918ರೊಳಗೆ, ಮಲೆನಾಡಿನ ಅಭಿವೃದ್ಧಿಗೆಂದು ಪ್ರತ್ಯೇಕ ಯೋಜನೆಯು ರೂಪುಗೊಂಡಿತು. ಊರ ಸುತ್ತಲಿನ ಪೊದೆಗಳನ್ನು ಸವರುವುದು, ಕುಡಿಯುವ ನೀರಿಗೆ ಬಾವಿ ತೋಡುವುದು, ಕ್ವಿನೈನು ಹಂಚುವುದು, ರಸ್ತೆ ಹಾಕುವುದು ಇವೆಲ್ಲವೂ ಒಂದೇ ಯೋಜನೆಯ ಅಂಗಗಳಾದುವು. ವಿಶ್ವೇಶ್ವರಯ್ಯನವರ ಭಾಷಣಗಳ ಸಂಗ್ರಹವು ಸರ್ಕಾರಿ ಮುದ್ರಣಾಲಯದಿಂದ ಪ್ರಕಟವಾಗಿದೆ. ಅವರ ವಿಚಾರಕ್ರಮದಲ್ಲಿ ಆರೋಗ್ಯವೆಂಬುದು ಉತ್ಪಾದನೆಯ ಒಂದು ಅಂಗ: ರೋಗಪೀಡಿತ ಪ್ರಜೆಯು ದುಡಿಯಲಾರ, ದುಡಿಯದ ದೇಶ ಬಡವಾಗುತ್ತದೆ. ಪರದೇಶಗಳ ಜನರ ಸರಾಸರಿ ಆಯುಸ್ಸನ್ನು ನಮ್ಮವರ ಆಯುಸ್ಸಿನೊಡನೆ ಹೋಲಿಸುವುದು ಅವರಿಗೆ ಪ್ರಿಯವಾದ ಕ್ರಮ. ಆ ಅಂಕಿಗಳನ್ನು ಸರಿಪಡಿಸಲು ತಾವೇ ಹೊರಟವರಂತೆ ನೂರು ವರ್ಷ ದಾಟಿ ಬದುಕಿದ್ದು 1962ರ ಏಪ್ರಿಲಿನಲ್ಲಿ ಅವರು ಕಾಲವಾದರು.

ದುಡಿಮೆಯ ಮೂಲಕ ಆರೋಗ್ಯವನ್ನು ಕಾಣುವ ಈ ದೃಷ್ಟಿಯು ಬಹಳ ಫಲಕಾರಿಯಾದುದು, ಇದರಲ್ಲಿ ಸಂಶಯವಿಲ್ಲ. ಅದರಿಂದಲೇ ಹಣ ದೊರೆಯಿತು. ಆದರೆ ಅದು ವೃದ್ಧನನ್ನು ಕಾಣಲಾರದು. ದುಡಿಯಲೆಂದು ಕ್ವಿನೈನು ಕೊಟ್ಟರೆ, ದುಡಿಮೆ ಮುಗಿದವನಿಗೆ ಕೊಡಬೇಕಾದ ಕಾರಣವೇನು? ಈ ಪ್ರಶ್ನೆಯನ್ನು ಆಗ ಯಾರೂ ಹೀಗೆ ಕಟುವಾಗಿ ಕೇಳಲಿಲ್ಲ. ಕೇಳುವ ಅವಶ್ಯಕತೆಯೂ ಇರಲಿಲ್ಲ, ಏಕೆಂದರೆ ಮುಪ್ಪಿನವರೆಗೆ ಬದುಕಿದವರೇ ಅಲ್ಪಸಂಖ್ಯಾತರು.

ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾದ ಮೇಲೆ ಆರೋಗ್ಯದ ಕಾರ್ಯವು ಬೇರೊಂದು ಹದಕ್ಕೆ ಬಂದಿತು. 1920ರ ದಶಕದ ಕೊನೆಯಲ್ಲಿ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಮೈಸೂರಿನಲ್ಲಿ ಆರೋಗ್ಯ ಇಲಾಖೆಯು ವೈದ್ಯ ಇಲಾಖೆಯಿಂದ ಬೇರೆಯಾಗಿ ಕಟ್ಟಲ್ಪಟ್ಟಿತು. ಮಲೇರಿಯದ ಅಧ್ಯಯನಕ್ಕೆ ಹಿರಿಯೂರು, ಮೂಡಿಗೆರೆ ಮೊದಲಾದ ಕಡೆ ಕೇಂದ್ರಗಳು ಏರ್ಪಟ್ಟುವು. 1930ರಲ್ಲಿ ಸರ್ಕಾರವೇ ಸಂತಾನನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆ ಮಾಡಿತು. ಪ್ರಪಂಚದಲ್ಲಿ ಇಂಥದು ಮೊದಲೆಂದು ಪ್ರಸಿದ್ಧವಾಗಿದೆ. ರೋಗ ಬಂದ ಮೇಲೆ ಔಷಧ ಕೊಡುವುದು ಒಂದು ವಿದ್ಯೆ, ರೋಗ ಬಾರದಂತೆ ನೋಡುವುದು ಇನ್ನೊಂದು ವಿದ್ಯೆ ಎಂಬ ವಿವೇಕವು ಈ ಕಾಲದ ಆಡಳಿತದಲ್ಲಿ ಸ್ಪಷ್ಟವಾಯಿತು. 1946ರಲ್ಲಿ ವರದಿ ಸಲ್ಲಿಸಿದ ಭೋರ್ ಸಮಿತಿಯು ಇಡೀ ದೇಶಕ್ಕೆ ಬೋಧಿಸಿದುದೂ ಇದನ್ನೇ. ವರ್ಷಕ್ಕೆ ಕನಿಷ್ಠ ಹತ್ತು ಕೋಟಿ ಮಂದಿ ಮಲೇರಿಯದಿಂದ ನರಳುತ್ತಿದ್ದಾರೆಂದು ಆ ಸಮಿತಿಯು ಅಂದಾಜು ಮಾಡಿತು.

ಇದರ ನಡುವೆ ಜಿಲ್ಲೆಯ ಪೂರ್ವದ ಅಂಚಿನಲ್ಲಿ ಬೇರೊಂದು ಲೋಕವೇ ಎದ್ದಿತು. ಬೆಂಕಿಪುರವೆಂದು ಕರೆಯಲ್ಪಡುತ್ತಿದ್ದ ಊರಿನ ಬಳಿ, ಭದ್ರಾನದಿಯ ದಡದಲ್ಲಿ, 1918ರಲ್ಲಿ ಆರಂಭವಾದ ಕಬ್ಬಿಣದ ಕಾರ್ಖಾನೆಯ ನಿರ್ಮಾಣವು ಮುಗಿದು, 1923ರ ಜನವರಿಯಲ್ಲಿ ಕುಲುಮೆ ಉರಿಯಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಸೌದೆಯಿಂದ ಮಾಡಿದ ಇದ್ದಿಲು, ನಾನಾ ಸೀಮೆಗಳಿಂದ ಬಂದ ಕೆಲಸಗಾರರು ಒಂದೆಡೆ ಸೇರಿದರು. 1930ರ ದಶಕದ ಉತ್ತರಾರ್ಧದಲ್ಲಿ ಕಾಗದದ ಕಾರ್ಖಾನೆಯೂ ಬಂದಿತು. ಭದ್ರಾವತಿಯ ಕಾರ್ಮಿಕನು ಶಿವಮೊಗ್ಗ ಜಿಲ್ಲೆಯ ಇತಿಹಾಸದಲ್ಲಿ ಹೊಸ ಬಗೆಯ ಮನುಷ್ಯ. ಅವನಿಗೆ ಹುಟ್ಟಿದೂರಿನಲ್ಲಿ ಹೊಲವಿರಲಿಲ್ಲ, ಅಥವಾ ಇದ್ದುದನ್ನು ಬಿಟ್ಟು ಬಂದಿದ್ದನು. ಅವನ ವಯಸ್ಸು ಕಾರ್ಖಾನೆಯ ದಫ್ತರದಲ್ಲಿ ಬರೆಯಲ್ಪಟ್ಟಿತ್ತು; ರೈತನ ವಯಸ್ಸು ಎಲ್ಲಿಯೂ ಬರೆದಿರಲಿಲ್ಲ. ಒಂದು ದಿನ ಗೊತ್ತಾದ ವಯಸ್ಸಿಗೆ ಅವನು ಕೆಲಸ ಬಿಡಬೇಕಾಗಿತ್ತು. ರೈತನು ಕೈ ನಡೆಯುವವರೆಗೂ ಗೇಯುತ್ತಿದ್ದನು. 'ನಿವೃತ್ತಿ' ಎಂಬ ಶಬ್ದವು ನಮ್ಮ ಹಳೆಯ ಗ್ರಂಥಗಳಲ್ಲಿ ಲೋಕವ್ಯಾಪಾರದಿಂದ ಮನಸ್ಸನ್ನು ಹಿಂದೆಗೆಯುವುದನ್ನು ಹೇಳುತ್ತಿತ್ತು; ಭದ್ರಾವತಿಯಲ್ಲಿ ಅದಕ್ಕೆ ಒಂದು ತಾರೀಖು ಬಂದಿತು.

ಸ್ವಾತಂತ್ರ್ಯಾನಂತರದ ಶಾಸನಗಳು ಈ ಹೊಸ ಮನುಷ್ಯನನ್ನೇ ಮೊದಲು ಕಂಡುವು. ನೌಕರರ ರಾಜ್ಯ ವಿಮಾ ಶಾಸನ 1948ರಲ್ಲಿ ಬಂದಿತು, ಭವಿಷ್ಯನಿಧಿಯ ಶಾಸನ 1952ರಲ್ಲಿ. ಇವೆರಡರ ನಡುವೆ ಸಂವಿಧಾನವು ಜಾರಿಗೆ ಬಂದಿತು. ಸಂವಿಧಾನಸಭೆಯಲ್ಲಿ ಮೈಸೂರಿನ ಪ್ರತಿನಿಧಿಗಳಲ್ಲೊಬ್ಬರು ಶ್ರೀ ಎಸ್. ವಿ. ಕೃಷ್ಣಮೂರ್ತಿರಾಯರು, ಮುಂದೆ ಹತ್ತು ವರ್ಷ ರಾಜ್ಯಸಭೆಯ ಉಪಸಭಾಪತಿಗಳಾಗಿದ್ದು, 1962ರಲ್ಲಿ ಶಿವಮೊಗ್ಗ ಕ್ಷೇತ್ರದಿಂದ ಲೋಕಸಭೆಗೆ ಆರಿಸಿಬಂದು ಅಲ್ಲಿ ಉಪಾಧ್ಯಕ್ಷರಾದವರು. ಆ ಸಂವಿಧಾನದ 41ನೆಯ ವಿಧಿಯು ನಿರುದ್ಯೋಗ, ಮುಪ್ಪು, ರೋಗ, ಅಂಗವೈಕಲ್ಯಗಳ ಸಂದರ್ಭದಲ್ಲಿ, ತನ್ನ ಆರ್ಥಿಕ ಶಕ್ತಿಯ ಮಿತಿಯೊಳಗೆ, ರಾಜ್ಯವು ನೆರವು ನೀಡತಕ್ಕದ್ದೆಂದು ಹೇಳುತ್ತದೆ. 47ನೆಯ ವಿಧಿಯು ಪೌಷ್ಟಿಕತೆಯನ್ನೂ ಸಾರ್ವಜನಿಕ ಆರೋಗ್ಯವನ್ನೂ ರಾಜ್ಯದ ಪ್ರಥಮ ಕರ್ತವ್ಯಗಳಲ್ಲಿ ಸೇರಿಸುತ್ತದೆ. ಇವು ಎಲ್ಲ ವಿದ್ಯಾರ್ಥಿಗಳೂ ಬಲ್ಲ ಮಾತು.

ಅಷ್ಟಾಗಿ ಯಾರೂ ಓದದ ಭಾಗವೆಂದರೆ ಏಳನೆಯ ಅನುಸೂಚಿ. ಅದರ ರಾಜ್ಯಪಟ್ಟಿಯ 6ನೆಯ ಬಾಬಿನಲ್ಲಿ ಸಾರ್ವಜನಿಕ ಆರೋಗ್ಯ, ನೈರ್ಮಲ್ಯ, ಆಸ್ಪತ್ರೆ, ಔಷಧಾಲಯಗಳಿವೆ. 9ನೆಯ ಬಾಬಿನಲ್ಲಿ ಅಂಗವಿಕಲರ ಮತ್ತು ಉದ್ಯೋಗಕ್ಕೆ ಅನರ್ಹರಾದವರ ಪರಿಹಾರವಿದೆ. ವೃದ್ಧಾಪ್ಯ ವೇತನವೆಂಬ ಮಾತು ಇರುವುದು ಇವೆರಡರಲ್ಲಿಯೂ ಅಲ್ಲ. ಸಮವರ್ತಿ ಪಟ್ಟಿಯ 24ನೆಯ ಬಾಬಿನಲ್ಲಿ, ಕಾರ್ಮಿಕ ಕಲ್ಯಾಣದ ಒಡಲಲ್ಲಿ, ಭವಿಷ್ಯನಿಧಿ ಮತ್ತು ಹೆರಿಗೆ ಸೌಲಭ್ಯಗಳ ನಡುವೆ. ಇದರ ಅರ್ಥವನ್ನು ಬಿಡಿಸಿ ನೋಡೋಣ. ಭದ್ರಾವತಿಯ ಕಾರ್ಖಾನೆಯಲ್ಲಿ ದುಡಿದು ಮುದುಕನಾದವನು 24ನೆಯ ಬಾಬಿನವನು. ಅವನ ಮುಪ್ಪು ಅವನು ಸಂಪಾದಿಸಿದ ಹಕ್ಕು. ಅಲ್ಲಿಂದ ಹತ್ತು ಹನ್ನೆರಡು ಮೈಲಿ ದೂರದ ಶಿವಮೊಗ್ಗದಲ್ಲಿ ಹಮಾಲಿ ಮಾಡಿ, ಅಥವಾ ತೀರ್ಥಹಳ್ಳಿಯ ತೋಟದಲ್ಲಿ ಕೊನೆ ಕೊಯ್ದು ಮುದುಕನಾದವನು 9ನೆಯ ಬಾಬಿನವನು. ಅವನ ಮುಪ್ಪು ಅವನ ಅನರ್ಹತೆ. ಬರಗಾಲದ ಗಂಜಿಕೇಂದ್ರದ ಎರಡನೆಯ ಸಾಲು ಇಲ್ಲಿ ಮತ್ತೆ ನಮಗೆ ಎದುರಾಗುತ್ತದೆ. ಸಂವಿಧಾನಕರ್ತರು ಬೇಕೆಂದು ಹೀಗೆ ಮಾಡಿದರೆಂದು ನಾವು ಹೇಳುವುದಿಲ್ಲ. ಹಿಂದಿನಿಂದ ಬಂದ ಪಟ್ಟಿಗಳ ಚೌಕಟ್ಟನ್ನು ಅವರು ಬಹುಮಟ್ಟಿಗೆ ಹಾಗೆಯೇ ಉಳಿಸಿಕೊಂಡರು. ಮಾತು ತನ್ನೊಡನೆ ತನ್ನ ಹಳೆಯ ಅರ್ಥವನ್ನೂ ತಂದಿತು.

1952ರ ಚುನಾವಣೆಯಿಂದ ವಯಸ್ಕರೆಲ್ಲರ ಮತದಿಂದ ಆರಿಸಿಬಂದ ವಿಧಾನಸಭೆಯು ಆರಂಭವಾಯಿತು. ಈ ಜಿಲ್ಲೆಯು ಆಗ ಆ ಸಭೆಗೆ ಕಳುಹಿಸಿದವರಲ್ಲಿ ಇಬ್ಬರನ್ನು ಹೆಸರಿಸಬೇಕು: ತೀರ್ಥಹಳ್ಳಿಯ ಕಡಿದಾಳ್ ಮಂಜಪ್ಪನವರು ಮತ್ತು ಸಮಾಜವಾದಿ ಪಕ್ಷದ ಶಾಂತವೇರಿ ಗೋಪಾಲಗೌಡರು. ಒಬ್ಬರು ಕಂದಾಯ ಮಂತ್ರಿಗಳಾಗಿ, 1956ರಲ್ಲಿ ಕೆಲಕಾಲ ಮುಖ್ಯಮಂತ್ರಿಗಳಾಗಿ ಅಧಿಕಾರಪಕ್ಷದಲ್ಲಿದ್ದವರು. ಮತ್ತೊಬ್ಬರು 1951ರ ಕಾಗೋಡು ಸತ್ಯಾಗ್ರಹದಿಂದ ಎದ್ದುಬಂದು ವಿರೋಧಪಕ್ಷದಲ್ಲಿ ಕುಳಿತವರು. ಇಬ್ಬರೂ ಎದುರುಬದುರಾಗಿದ್ದರೂ ಇಬ್ಬರ ರಾಜಕಾರಣವೂ ಗೇಣಿಯ ಪ್ರಶ್ನೆಯ ಸುತ್ತ ತಿರುಗಿತು. ಇವರು ಆರೋಗ್ಯದ ವಿಷಯದಲ್ಲಿಯೋ ವೃದ್ಧರ ವಿಷಯದಲ್ಲಿಯೋ ಪ್ರಸಿದ್ಧರಾದವರಲ್ಲ. ಆದರೂ ನಮ್ಮ ವಿಚಾರಕ್ಕೆ ಇವರು ಅವಶ್ಯ. ಮಲೆನಾಡಿನ ಗೇಣಿದಾರನಿಗೆ ಮುಪ್ಪಿನ ಭದ್ರತೆಯೆಂದರೆ ವೇತನವಲ್ಲ, ಭೂಮಿ. ಗೇಯಲು ಶಕ್ತಿಯಿರುವವರೆಗೆ ಮಾತ್ರ ಒಡೆಯನು ಗದ್ದೆ ಬಿಟ್ಟುಕೊಟ್ಟರೆ, ಶಕ್ತಿ ಕುಂದಿದ ವರ್ಷವೇ ಅವನ ಅನ್ನಕ್ಕೂ ಕೊನೆ. ಗೇಣಿ ಭದ್ರವಾದರೆ ಮಗ ಗೇಯುತ್ತಾನೆ, ಅಪ್ಪ ಉಣ್ಣುತ್ತಾನೆ. ಈ ದೃಷ್ಟಿಯಿಂದ ನೋಡಿದರೆ 1961ರ ಭೂಸುಧಾರಣಾ ಶಾಸನವೂ, ಅದಕ್ಕೆ 1974ರಲ್ಲಿ ಬಂದ ಕ್ರಾಂತಿಕಾರಕವಾದ ತಿದ್ದುಪಡಿಯೂ ಮಲೆನಾಡಿನ ವೃದ್ಧರಿಗೆ ಮಾಡಿದ ಉಪಕಾರವು ಯಾವ ಮಾಸಾಶನಕ್ಕಿಂತಲೂ ಹಿರಿದೆಂದು ನಾವು ಭಾವಿಸುತ್ತೇವೆ. ಹಾಗೆಂದು ಅದನ್ನು ಅತಿಯಾಗಿ ಹೊಗಳುವಂತೆಯೂ ಇಲ್ಲ. ಗೇಣಿಯ ಚೀಟಿ ಗಂಡಸಿನ ಹೆಸರಿನಲ್ಲಿತ್ತು; ಮಕ್ಕಳಿಲ್ಲದ ವಿಧವೆಗೂ ಗೇಣಿಯೇ ಇಲ್ಲದ ಕೂಲಿಯವನಿಗೂ ಅದರಲ್ಲಿ ಪಾಲು ದೊರೆಯಲಿಲ್ಲ.

ಇದೇ ವರ್ಷಗಳಲ್ಲಿ ಮಲೇರಿಯದ ಕಥೆ ತಿರುವು ಪಡೆಯಿತು. ಎರಡನೆಯ ಮಹಾಯುದ್ಧದ ಬಳಿಕ ಡಿ.ಡಿ.ಟಿ. ಬಂದಿತು, 1953ರಲ್ಲಿ ರಾಷ್ಟ್ರೀಯ ಮಲೇರಿಯ ನಿಯಂತ್ರಣ ಕಾರ್ಯಕ್ರಮ, 1958ರಲ್ಲಿ ನಿರ್ಮೂಲನ ಕಾರ್ಯಕ್ರಮ ಆರಂಭವಾದುವು. ಹಳ್ಳದ ಅಂಚಿನಲ್ಲಿ ಸೊಳ್ಳೆಯನ್ನು ಹುಡುಕುವುದನ್ನು ಬಿಟ್ಟು, ಅದು ರಕ್ತ ಹೀರಿ ಬಂದು ಕೂರುವ ಮನೆಯ ಗೋಡೆಗೇ ಔಷಧವನ್ನು ಸಿಂಪಡಿಸುವ ಈ ಉಪಾಯದಿಂದ ಅಡಕೆತೋಟದ ಗಂಟು ಬಿಡಿಸಿತು. ಸ್ವಾತಂತ್ರ್ಯ ಬಂದಾಗ ದೇಶದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಮಂದಿಗೆ ಮಲೇರಿಯ ಬರುತ್ತಿತ್ತೆಂದು ಅಂದಾಜು. 1961ರಲ್ಲಿ ದಾಖಲಾದ ಪ್ರಕರಣಗಳು ಐವತ್ತು ಸಾವಿರಕ್ಕೂ ಕಡಮೆ. 1976ರಲ್ಲಿ ರೋಗವು ಮರುಕಳಿಸಿ ಅರವತ್ತನಾಲ್ಕು ಲಕ್ಷವನ್ನು ಮೀರಿದುದೂ ನಿಜ. ಆದರೆ ಹಳೆಯ ಮಾರಕಶಕ್ತಿ ಅದಕ್ಕೆ ಮರಳಿ ಬರಲಿಲ್ಲ. ಶಿವಮೊಗ್ಗ ಜಿಲ್ಲೆಯ ಜನಸಂಖ್ಯೆಯು 1961ರ ವೇಳೆಗೆ ಹತ್ತು ಲಕ್ಷವನ್ನು ದಾಟಿತು. ಇದಕ್ಕೆ ಭದ್ರಾ ಅಣೆಕಟ್ಟು, ಶರಾವತಿ ಯೋಜನೆ, ಕಾರ್ಖಾನೆಗಳಿಗೆಂದು ಹೊರಗಿನಿಂದ ಬಂದವರೂ ಕಾರಣರು. ಆದರೆ ಜ್ವರ ಹಿಂದೆಗೆಯದೆ ಇದ್ದಿದ್ದರೆ ಬಂದವರು ನಿಲ್ಲುತ್ತಿದ್ದರೆಂದು ಹೇಳಲಾಗದು.

ಒಂದು ರೋಗ ಹೋಗುವಷ್ಟರಲ್ಲಿ ಇನ್ನೊಂದು ಕಾಣಿಸಿಕೊಂಡಿತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದುವು. ಸುತ್ತಲಿನ ಹಳ್ಳಿಗಳಲ್ಲಿ ಜನ ತೀವ್ರವಾದ ಜ್ವರದಿಂದ ಮಲಗಿದರು. ಪುಣೆಯ ವೈರಾಣು ಸಂಶೋಧನಾ ಕೇಂದ್ರದವರು ಉಣುಗಿನಿಂದ ಹರಡುವ ಹೊಸ ವೈರಾಣುವನ್ನು ಕಂಡುಹಿಡಿದರು. ಜನರ ಬಾಯಲ್ಲಿ ಅದು 'ಮಂಗನ ಕಾಯಿಲೆ'. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಅದು ಮತ್ತೆ ಉಲ್ಬಣಿಸಿದುದನ್ನು ನಮ್ಮ ಓದುಗರಲ್ಲಿ ಹಲವರು ಬಲ್ಲರು. ಇದರ ಚರಿತ್ರೆಯು ಪ್ರತ್ಯೇಕವಾದ ಲೇಖನಕ್ಕೆ ಯೋಗ್ಯವಾದುದು; ಇಲ್ಲಿ ವಿಸ್ತರಿಸುವುದಿಲ್ಲ.

ಹೀಗೆ ಜ್ವರದಿಂದ ಉಳಿದ ಮಕ್ಕಳೇ ಮುಂದೆ ಮುದುಕರಾದರು. 1950ರ ಸುಮಾರಿನಲ್ಲಿ ಜ್ವರಗಡ್ಡೆಯಿಂದ ಪಾರಾದ ಐದು ವರ್ಷದ ಕೂಸು 2010ರ ಸುಮಾರಿಗೆ ಅರವತ್ತೈದು ದಾಟಿತು. 2011ರ ಜನಗಣತಿಯ ಪ್ರಕಾರ ಕರ್ನಾಟಕದ ಜನರಲ್ಲಿ ಅರವತ್ತು ತುಂಬಿದವರು ಶೇಕಡಾ 9.5ರಷ್ಟು, ಇಡೀ ದೇಶದಲ್ಲಿ ಶೇಕಡಾ 8.6. ವೃದ್ಧರ ಪ್ರಶ್ನೆಯನ್ನು ಸಂಸಾರಗಳ ಒಡಕಿನಿಂದ, ಪಟ್ಟಣವಾಸದಿಂದ, ಮಕ್ಕಳ ಕೃತಘ್ನತೆಯಿಂದ ಬಂದುದೆಂದು ವಿವರಿಸುವ ವಾಡಿಕೆಯಿದೆ. ಸಭೆಗಳಲ್ಲಿ ಆಡುವ ಭಾಷಣಗಳಲ್ಲಿಯಂತೂ ಇದೇ ಪಲ್ಲವಿ. ಇದರಲ್ಲಿ ಅರ್ಧ ಸತ್ಯ ಮಾತ್ರವಿದೆ. ಹಿಂದಿನ ಮಕ್ಕಳು ಮುದುಕರನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದರೆಂಬುದಕ್ಕಿಂತ, ನೋಡಿಕೊಳ್ಳಬೇಕಾದ ಮುದುಕರು ಹಿಂದೆ ಬಹಳ ಕಡಮೆಯಿದ್ದರೆಂಬುದು ಹೆಚ್ಚು ಖಚಿತವಾದ ಸಂಗತಿ. ಆರೋಗ್ಯ ಇಲಾಖೆಯು ಗೆದ್ದುದರ ಫಲವೇ ಈ ಹೊಸ ಪ್ರಶ್ನೆ.

ವೃದ್ಧರಿಗೆ ಮಾಸಾಶನ ಕೊಡುವ ಪದ್ಧತಿಯನ್ನು ಉತ್ತರ ಪ್ರದೇಶವು 1957ರಲ್ಲಿ ಆರಂಭಿಸಿತು. ಮೈಸೂರು ರಾಜ್ಯವು 1960ರ ದಶಕದಲ್ಲಿ ಅದನ್ನು ಕೈಗೊಂಡಿತು. 'ಮಾಸಾಶನ' ಎಂಬ ಶಬ್ದವನ್ನೇ ನೋಡಿರಿ: ತಿಂಗಳಿನ ಅನ್ನ. ಸರ್ಕಾರಿ ನೌಕರನಿಗೆ ದೊರೆಯುವುದು ನಿವೃತ್ತಿವೇತನ, ಅಂದರೆ ದುಡಿಮೆಯ ಉಳಿದ ಭಾಗ. ನಿರ್ಗತಿಕನಿಗೆ ದೊರೆಯುವುದು ಅಶನ. ಎರಡು ಬಾಬುಗಳ ಭೇದವನ್ನು ಕನ್ನಡವು ತನ್ನ ಶಬ್ದಗಳಲ್ಲಿಯೇ ಕಾಪಾಡಿಕೊಂಡು ಬಂದಿದೆ. 1984ರಲ್ಲಿ ನಿರ್ಗತಿಕ ವಿಧವೆಯರಿಗೆ ವೇತನವು ಬಂದಿತು. ಗೇಣಿಯ ಶಾಸನವು ಹೊರಗಿಟ್ಟಿದ್ದವರಲ್ಲಿ ಒಂದು ಭಾಗವನ್ನು ಅದು ಒಳಕ್ಕೆ ತಂದಿತು. 1995ರ ಆಗಸ್ಟ್ 15ರಂದು ಕೇಂದ್ರ ಸರ್ಕಾರವೂ ರಾಷ್ಟ್ರೀಯ ಸಾಮಾಜಿಕ ನೆರವಿನ ಕಾರ್ಯಕ್ರಮದ ಮೂಲಕ ಇದರಲ್ಲಿ ಕೈಜೋಡಿಸಿತು. ಆಗಿನ ಮೊತ್ತ ತಿಂಗಳಿಗೆ 75 ರೂಪಾಯಿ.

ಈ ಪರಂಪರೆಯಲ್ಲಿ 2007ರ ಮಾರ್ಚಿನ ಆಯವ್ಯಯ ಭಾಷಣಕ್ಕೆ ಒಂದು ಸ್ಥಾನವಿದೆ. ಅದನ್ನು ಮಂಡಿಸಿದವರು ಈ ಜಿಲ್ಲೆಯ ಶಿಕಾರಿಪುರದ ಶಾಸಕರೂ ಆಗಿನ ಉಪಮುಖ್ಯಮಂತ್ರಿಗಳೂ ಹಣಕಾಸು ಸಚಿವರೂ ಆಗಿದ್ದ ಶ್ರೀ ಬಿ. ಎಸ್. ಯಡಿಯೂರಪ್ಪನವರು. ಸಂಧ್ಯಾ ಸುರಕ್ಷಾ ಎಂಬ ಯೋಜನೆಯಿಂದ ಅರವತ್ತೈದು ತುಂಬಿದ ಬಡವರಿಗೆ ತಿಂಗಳಿಗೆ 400 ರೂಪಾಯಿ ಕೊಡುವುದೆಂದು ಗೊತ್ತಾಯಿತು. ಮೊತ್ತಕ್ಕಿಂತಲೂ ನಾವು ಗಮನಿಸುವುದು ಫಲಾನುಭವಿಗಳ ಪಟ್ಟಿಯನ್ನು. ಸಣ್ಣ ರೈತ, ಅತಿಸಣ್ಣ ರೈತ, ಕೃಷಿಕೂಲಿ, ನೇಕಾರ, ಮೀನುಗಾರ, ಅಸಂಘಟಿತ ಕಾರ್ಮಿಕ ಎಂದು ಕಸುಬಿನ ಹೆಸರಿನಿಂದ ವೃದ್ಧರನ್ನು ಅದು ಕರೆಯಿತು. ಗಂಜಿಯ ಸಾಲಿನಲ್ಲಿ ನಿಂತ 'ಕೆಲಸ ಮಾಡಲಾರದವನು' ಇಲ್ಲಿ 'ಕೆಲಸ ಮಾಡಿದವನು' ಆಗಿದ್ದಾನೆ. ಯಾವ ಪಕ್ಷದ ಸರ್ಕಾರವೆಂಬುದನ್ನು ಬದಿಗಿಟ್ಟು ನೋಡಿದರೆ, ಮಾತಿನ ಚರಿತ್ರೆಯಲ್ಲಿ ಇದು ಸಣ್ಣ ಬದಲಾವಣೆಯಲ್ಲ. ಆದರೆ ಹಣದ ಚರಿತ್ರೆ ಮಾತಿನ ವೇಗದಲ್ಲಿ ನಡೆಯಲಿಲ್ಲ. ಆ ಮೊತ್ತವು 1,200 ರೂಪಾಯಿಗೆ ಏರಿದುದು 2021ರಲ್ಲಿ. ಮಕ್ಕಳಿಂದ ಜೀವನಾಂಶವನ್ನು ಕೇಳುವ ಹಕ್ಕನ್ನು ಕೊಟ್ಟ ಕೇಂದ್ರ ಶಾಸನವೂ 2007ರದೇ. ಕುಟುಂಬದ ಮೇಲೆ ಹೊರೆಯನ್ನು ಮತ್ತೆ ಹೊರಿಸುವ ಶಾಸನವು ರಾಜ್ಯದ ಹೊಣೆಯನ್ನು ಹೆಚ್ಚಿಸುವ ಯೋಜನೆಯ ಜೊತೆಯಲ್ಲಿಯೇ ಬಂದುದು ವಿಚಿತ್ರವಾದ ಸಹಯೋಗ.

ಇನ್ನು 24ನೆಯ ಬಾಬಿನವನ ಸ್ಥಿತಿ ಏನಾಯಿತು? ಹಕ್ಕುಳ್ಳವನೆಂದು ನಾವು ಮೇಲೆ ವರ್ಣಿಸಿದ ಭದ್ರಾವತಿಯ ಕಾರ್ಮಿಕನ ಕಾರ್ಖಾನೆಗಳೇ ಸೊರಗಿದುವು. ಉಕ್ಕಿನ ಕಾರ್ಖಾನೆಯು 1998ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದಲ್ಲಿ ಲೀನವಾಯಿತು; 2023ರ ಜನವರಿಯಲ್ಲಿ ಅದನ್ನು ಮುಚ್ಚುವ ನಿರ್ಧಾರವು ಪ್ರಕಟವಾಗಿ, ಅದರ ವಿರುದ್ಧ ದೊಡ್ಡ ಹೋರಾಟವೇ ನಡೆಯಿತು. ಕಾಗದದ ಕಾರ್ಖಾನೆಯಲ್ಲಿ ಉತ್ಪಾದನೆಯು ಅದಕ್ಕೂ ಮುಂಚೆ, 2015ರಲ್ಲಿ, ನಿಂತುಹೋಗಿತ್ತು. 1995ರ ನೌಕರರ ಪಿಂಚಣಿ ಯೋಜನೆಯಲ್ಲಿ ಕನಿಷ್ಠ ಮೊತ್ತವನ್ನು 2014ರ ಸೆಪ್ಟೆಂಬರಿನಲ್ಲಿ ತಿಂಗಳಿಗೆ 1,000 ರೂಪಾಯಿ ಎಂದು ನಿಗದಿ ಮಾಡಲಾಯಿತು. ವಂತಿಗೆ ಕಟ್ಟಿ ಸಂಪಾದಿಸಿದ ಹಕ್ಕಿನ ಕನಿಷ್ಠವು ವಂತಿಗೆಯಿಲ್ಲದ ಮಾಸಾಶನಕ್ಕಿಂತ 200 ರೂಪಾಯಿ ಕೆಳಗೆ ನಿಂತಿತು. ಎಲ್ಲ ನಿವೃತ್ತರಿಗೂ ದೊರೆಯುವುದು ಕನಿಷ್ಠವೇ ಅಲ್ಲವೆಂಬುದನ್ನು ಹೇಳಬೇಕು. ಕಾಯಂ ನೌಕರನ ಸ್ಥಿತಿ ಬೇರೆ, ಗುತ್ತಿಗೆಯವನ ಸ್ಥಿತಿ ಬೇರೆ. ಆದರೂ ಎರಡು ಬಾಬುಗಳ ನಡುವಣ ಅಂತರವು ಹೀಗೆ ಕೆಳಮಟ್ಟದಲ್ಲಿ ಅಳಿಸಿಹೋದುದನ್ನು 1950ರ ಶಾಸಕರು ಊಹಿಸಿರಲಾರರು.

ಆರೋಗ್ಯವೂ ಮುಪ್ಪೂ ಒಂದೇ ವಾಕ್ಯದಲ್ಲಿ ಕೂಡಿ ಬಂದುದು ತೀರ ಇತ್ತೀಚೆಗೆ. 2020ರ ಕೋವಿಡ್ ವ್ಯಾಧಿಯ ಕಾಲದಲ್ಲಿ, ಪ್ಲೇಗಿಗೆಂದು ಹುಟ್ಟಿದ 1897ರ ಸಾಂಕ್ರಾಮಿಕ ರೋಗಗಳ ಶಾಸನಕ್ಕೆ ಬದಲಾಗಿ ಕರ್ನಾಟಕವು ತನ್ನದೇ ಶಾಸನವನ್ನು ಮಾಡಿಕೊಂಡಿತು. ಆ ವ್ಯಾಧಿಯು ಎಲ್ಲರಿಗಿಂತ ಹೆಚ್ಚಾಗಿ ಕೊಂದುದು ವೃದ್ಧರನ್ನು. ಚಳಿಜ್ವರವು ಮಕ್ಕಳನ್ನು ಕೊಂದು ಊರನ್ನು ಬರಿದು ಮಾಡಿದುದಕ್ಕೆ ಇದು ತಿರುಗುಮುರುಗಾದ ಕ್ರಮ. 2024ರ ಅಕ್ಟೋಬರಿನಲ್ಲಿ ಎಪ್ಪತ್ತು ತುಂಬಿದವರಿಗೆಲ್ಲ ವರಮಾನದ ಮಿತಿಯಿಲ್ಲದೆ ಐದು ಲಕ್ಷ ರೂಪಾಯಿಯವರೆಗಿನ ಆಸ್ಪತ್ರೆಯ ವೆಚ್ಚವನ್ನು ಭರಿಸುವ ಕೇಂದ್ರದ ಯೋಜನೆಯು ಆರಂಭವಾಯಿತು. ಕೆಲಸ ಮಾಡಿದವನೋ ಮಾಡಲಾರದವನೋ ಎಂದು ಕೇಳದೆ ವಯಸ್ಸನ್ನು ಮಾತ್ರ ಕೇಳುವುದು ಅದರ ಲಕ್ಷಣ.

ಮಾಸಾಶನದ ಅರ್ಜಿಯಾದರೋ ಇಂದಿಗೂ ಆರೋಗ್ಯ ಇಲಾಖೆಗೆ ಹೋಗುವುದಿಲ್ಲ, ಕಾರ್ಮಿಕ ಇಲಾಖೆಗೂ ಹೋಗುವುದಿಲ್ಲ. ಗೋಪಾಳದ ಮುದುಕಿಯಾಗಲಿ ಭದ್ರಾವತಿಯ ಗುತ್ತಿಗೆ ಕೆಲಸಗಾರನಾಗಲಿ ಅದನ್ನು ಕೊಡಬೇಕಾದುದು ನಾಡಕಚೇರಿಯಲ್ಲಿ; ಮಂಜೂರು ಮಾಡುವವರು ತಹಸೀಲ್ದಾರರು; ಸಾಮಾಜಿಕ ಭದ್ರತೆ ಮತ್ತು ಪಿಂಚಣಿಗಳ ನಿರ್ದೇಶನಾಲಯವಿರುವುದು ಕಂದಾಯ ಇಲಾಖೆಯ ಅಧೀನದಲ್ಲಿ. ಬೀಳುಬಿದ್ದ ಗದ್ದೆಯ ಲೆಕ್ಕದೊಡನೆ ಮಲೆನಾಡಿನ ಚಳಿಜ್ವರವು ಪ್ರಜಾಪ್ರತಿನಿಧಿ ಸಭೆಯನ್ನು ಪ್ರವೇಶಿಸಿದುದೂ ಈ ಇಲಾಖೆಯ ಬಾಗಿಲಿನಿಂದಲೇ.